ಮಗ್ಗದ ಮೇಲೆ ಕೂತಿದ್ದವನು

ಕಂಪನಿ ಕೆಲಸದ ಮೇಲೆ ಎರಡು ವಾರ ಒಸಾಕಾದಲ್ಲಿದ್ದೆ. ನಡುವೆ ಒಂದು ಶನಿವಾರ ಸಿಕ್ಕಿತು. ಜೊತೆಗಿದ್ದವರೆಲ್ಲ ಕ್ಯೋಟೋದ ಕೆಂಪು ಕಮಾನುಗಳ ಗುಡ್ಡಕ್ಕೆ ಫೋಟೋ ತೆಗೆಸಿಕೊಳ್ಳಲು ಹೊರಟರು. ನಾನೂ ಅದೇ ರೈಲು ಹತ್ತಿದೆ. ಆದರೆ ಕ್ಯೋಟೋದಲ್ಲಿ ಇಳಿದ ಮೇಲೆ ಅವರಿಗೆ ಕೈಕೊಟ್ಟು ನಿಶಿಜಿನ್ ಅನ್ನೋ ಕೇರಿಯ ಬಸ್ಸು ಹಿಡಿದೆ. ಕಾರಣ ಬಹಳ ಸಣ್ಣದು. ಹೋಟೆಲಿನ ಮೇಜಿನ ಮೇಲಿದ್ದ ಒಂದು ಕಾಗದದಲ್ಲಿ 'ನೇಕಾರರ ಕೇರಿಯಲ್ಲಿ ಮೂರು ಗಂಟೆ ನಡಿಗೆ' ಅಂತಿತ್ತು. ಪಕ್ಕದಲ್ಲಿ ಒಂದು ರೇಷ್ಮೆ ಗೂಡಿನ ಚಿತ್ರವಿತ್ತು.

ರೇಷ್ಮೆ ಗೂಡು ಕಂಡರೆ ನನಗೆ ಸುಮ್ಮನೆ ಹೋಗೋಕೆ ಆಗಲ್ಲ. ನಮ್ಮೂರು ಚನ್ನಪಟ್ಟಣ ತಾಲೂಕಿನ ಹಳ್ಳಿ. ನಾನು ಬೆಳೆದ ಮನೆಯಲ್ಲಿ ಹುಳುಗಳಿಗೆ ಮೊದಲ ಜಾಗ, ಮನುಷ್ಯರಿಗೆ ಮಿಕ್ಕಿದ್ದು. ಹುಳ ನಾಲ್ಕನೇ ಜ್ವರ ಎದ್ದರೆ ನಾವು ಜಗುಲಿಯಲ್ಲಿ ಮಲಗಬೇಕು. ರಾತ್ರಿಯಿಡೀ ಒಳಗಿನಿಂದ ಸೊಪ್ಪು ತಿನ್ನೋ ಸದ್ದು, ಹೊರಗೆ ಮಳೆ ಬರ್ತಿದೆಯೇನೋ ಅನ್ನೋ ಹಾಗೆ. ನನ್ನ ಬಿ.ಇ. ಫೀಸು ಕಟ್ಟಿದ್ದು ಆ ಹುಳುಗಳೇ. ಆದರೆ ಅಪ್ಪ ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಸುರಿದು, ಹಣ ಎಣಿಸಿಕೊಂಡು ಬಂದ ಮೇಲೆ ಆ ಗೂಡಿನ ಕಥೆ ಏನಾಗುತ್ತೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ನಿಶಿಜಿನ್ ಅಂದರೆ ಆ ಕಥೆಯ ಮುಂದಿನ ಭಾಗ. ಬೇರೆ ದೇಶದ್ದು, ನಿಜ.

ನಮ್ಮ ಗೈಡ್ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ನೇಕಾರನ ಮಗಳು. ಒಂದೊಂದೇ ಇಂಗ್ಲಿಷ್ ಪದವನ್ನು ಆರಿಸಿ ಆರಿಸಿ ಇಡುತ್ತಿದ್ದರು. ಹೊರಿಕಾವಾ ಮತ್ತು ಇಮಾದೆಗಾವಾ ರಸ್ತೆಗಳು ಕೂಡುವ ಕಡೆ ನಾವು ಏಳು ಜನ ಸೇರಿದೆವು. ಅಜ್ಜಿ ಹೇಳಿದ ಮೊದಲ ಮಾತೇ ತಮಾಷೆಯಾಗಿತ್ತು: "ನೀವು ಈಗ ನಿಶಿಜಿನ್‌ನಲ್ಲಿದ್ದೀರಿ. ಆದರೆ ಸರ್ಕಾರದ ವಿಳಾಸದಲ್ಲಿ ಇಂಥ ಊರು ಇಲ್ಲ."

ನಿಜವಂತೆ. ಯಾವ ವಾರ್ಡಿಗೂ ಈ ಹೆಸರಿಲ್ಲ. ಕ್ಯೋಟೋದ ವಾಯವ್ಯಕ್ಕೆ ಮಗ್ಗದ ಸದ್ದು ಕೇಳುವಷ್ಟು ದೂರ ನಿಶಿಜಿನ್, ಅಷ್ಟೆ. 'ನಿಶಿ' ಅಂದರೆ ಪಶ್ಚಿಮ, 'ಜಿನ್' ಅಂದರೆ ದಂಡಿನ ಪಾಳೆಯ. ನಮ್ಮ ಬೆಂಗಳೂರಿನ 'ದಂಡು' ಇದ್ದ ಹಾಗೆ. 1467ರಲ್ಲಿ ಶುರುವಾದ ಓನಿನ್ ಯುದ್ಧದಲ್ಲಿ ಪಶ್ಚಿಮದ ಸೇನೆಯ ನಾಯಕ ಯಮನಾ ಸೋಜೆನ್ ಪಾಳೆಯ ಹಾಕಿದ್ದು ಇಲ್ಲಿ. ಪೂರ್ವದ ಸೇನೆಯ ನಾಯಕ ಹೊಸೊಕಾವಾ ಕಾತ್ಸುಮೊತೊ. ಇಬ್ಬರೂ 1473ರಲ್ಲಿ ಸತ್ತರು. ಆದರೂ ಯುದ್ಧ 1477ರವರೆಗೆ ನಡೆಯಿತು! ಹತ್ತು ವರ್ಷದಲ್ಲಿ ಕ್ಯೋಟೋ ಬೂದಿಯಾಯಿತು. ಇವತ್ತಿಗೂ ಇಲ್ಲಿಯ ಹಳಬರು "ಕಳೆದ ಯುದ್ಧದಲ್ಲಿ ನಮ್ಮ ಮನೆ ಸುಟ್ಟುಹೋಯ್ತು" ಅಂದರೆ ಅದು ಓನಿನ್ ಯುದ್ಧವಿರುತ್ತೆ ಅಂತ ಒಂದು ಜೋಕಿದೆ.

ಯುದ್ಧಕ್ಕೆ ಹೆದರಿ ನೇಕಾರರು ಸಾಕಾಯ್ ಬಂದರಿನಂಥ ಕಡೆಗೆ ಓಡಿಹೋದರು. ಅಲ್ಲಿ ಚೀನಾದಿಂದ ಬರುತ್ತಿದ್ದ ಹೊಸ ನೇಯ್ಗೆ ನೋಡಿದರು, ಕಲಿತರು. ಯುದ್ಧ ಮುಗಿದ ಮೇಲೆ ವಾಪಸ್ ಬಂದು ಪಾಳೆಯ ಖಾಲಿ ಮಾಡಿದ್ದ ಬಯಲಿನಲ್ಲಿ ಮಗ್ಗ ಹೂಡಿದರು. ಎರಡೂ ಸೇನೆಗಳ ಕುರುಹು ಅಂತ ಈಗ ಉಳಿದಿರೋದು ಒಂದೆರಡು ಕಲ್ಲುಗಳು. ನೇಕಾರರು ಮಾತ್ರ ಐನೂರು ವರ್ಷ ಕದಲಲಿಲ್ಲ.

ಇಮಾದೆಗಾವಾ ರಸ್ತೆಯಲ್ಲಿ ಪಶ್ಚಿಮಕ್ಕೆ ಐದು ನಿಮಿಷ ನಡೆದರೆ ಓಮಿಯಾ ಅಡ್ಡರಸ್ತೆ. ಅದಕ್ಕೆ 'ಸೆನ್‌ರ್ಯೋ ಗಾ ತ್ಸುಜಿ' ಅಂತ ಹಳೆಯ ಹೆಸರು. ಸಾವಿರ ಹೊನ್ನಿನ ಚೌಕ ಅನ್ನಬಹುದು. ದಿನಕ್ಕೆ ಸಾವಿರ ರ್ಯೋ, ಅಂದರೆ ಸಾವಿರ ಚಿನ್ನದ ನಾಣ್ಯದಷ್ಟು ಬೆಲೆಯ ನೂಲು ಮತ್ತು ಬಟ್ಟೆ ಇಲ್ಲಿ ಕೈ ಬದಲಾಗುತ್ತಿತ್ತಂತೆ. ಅಲ್ಲಿಂದ ಓಣಿಗಳು ಶುರು. ಮನೆಗಳೆಲ್ಲ ಮರದವು, ಮುಂಭಾಗ ಕಿರಿದು, ಒಳಕ್ಕೆ ಉದ್ದೋಉದ್ದ. ಇಂಥ ಮನೆಗೆ ಜಪಾನಿಗರು 'ಹಾವುಮೀನಿನ ಹಾಸಿಗೆ' ಅಂತಾರೆ. ಮುಂದೆ ವ್ಯವಹಾರ, ನಡುವೆ ಸಂಸಾರ, ಹಿಂದೆ ಎತ್ತರದ ಸೂರಿನ ಕೆಳಗೆ ಮಗ್ಗ. ಮಣ್ಣಿನ ನೆಲದಲ್ಲಿ ಕುಣಿ ತೋಡಿ ಮಗ್ಗ ಇಳಿಸುತ್ತಿದ್ದರು, ತೇವ ಇದ್ದರೆ ರೇಷ್ಮೆ ಎಳೆ ತುಂಡಾಗಲ್ಲ ಅಂತ. ಈ ಮಾತು ಕೇಳಿ ನನಗೆ ನಗು ಬಂತು. ಹುಳಮನೆಯಲ್ಲಿ ಒದ್ದೆ ಗೋಣಿಚೀಲ ಇಳಿಬಿಡುತ್ತಿದ್ದ ನಮ್ಮವ್ವನಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೀದಿ ಕಡೆಯ ಮರದ ಜಾಲರಿಗಳನ್ನು ಅಜ್ಜಿ ಓದಿ ಹೇಳಿದರು. ನೂಲು ಮಾರುವವರ, ನೇಯುವವರ ಮನೆಯ ಜಾಲರಿಯಲ್ಲಿ ನಡುನಡುವೆ ಕೆಲವು ಪಟ್ಟಿ ಗಿಡ್ಡ. ಮೇಲಿಂದ ಬೆಳಕು ಬರಬೇಕು, ಬೆಳಕಿದ್ದರೆ ತಾನೇ ನೂಲಿನ ಬಣ್ಣ ಗೊತ್ತಾಗೋದು? ಕೆಲಸ ಬದಲಾದರೆ ಗಿಡ್ಡ ಪಟ್ಟಿಗಳ ಲೆಕ್ಕವೂ ಬದಲಾಗುತ್ತದೆ. ಬೋರ್ಡ್ ಬೇಕಾಗಿಲ್ಲ, ಕಿಟಕಿ ನೋಡಿದರೆ ಕಸುಬು ತಿಳಿಯುತ್ತಿತ್ತು.

ಕಸುಬು ಅಂದರೆ ಒಂದಲ್ಲ. ಒಂದು ಒಬಿಗೆ, ಅಂದರೆ ಕಿಮೊನೋ ಮೇಲೆ ಸುತ್ತುವ ಅಗಲದ ನಡುಪಟ್ಟಿಗೆ, ಇಪ್ಪತ್ತಕ್ಕೂ ಹೆಚ್ಚು ಹಂತಗಳು. ಚಿತ್ರ ಬರೆಯುವವರು ಒಂದು ಮನೆ. ಚಿತ್ರವನ್ನು ಚೌಕುಳಿ ಕಾಗದಕ್ಕೆ ಇಳಿಸುವವರು ಇನ್ನೊಂದು. ಹುರಿ ಮಾಡುವವರು, ಬಣ್ಣ ಹಾಕುವವರು, ಹಾಸು ಹೂಡುವವರು ಬೇರೆ ಬೇರೆ. ಒಬ್ಬೊಬ್ಬರದು ಒಂದೊಂದೇ ಕೆಲಸ, ಅದೂ ತಲೆಮಾರುಗಟ್ಟಲೆ. ಇಡೀ ಕೇರಿಯೇ ಒಂದು ಫ್ಯಾಕ್ಟರಿ, ಆದರೆ ಗೇಟಿಲ್ಲ.

ಈ ಕೇರಿ ಎಷ್ಟು ಸಲ ಮುಗಿದುಹೋಯಿತು ಅನ್ನಿಸಿಕೊಂಡಿದೆ ಅಂತ ಅಜ್ಜಿ ಬೆರಳು ಮಡಚಿ ಎಣಿಸಿದರು. 1730ರ ಬೆಂಕಿಯಲ್ಲಿ ಸುಮಾರು ಮೂರು ಸಾವಿರ ಮಗ್ಗ ಸುಟ್ಟವು. 1840ರ ದಶಕದಲ್ಲಿ ಸರ್ಕಾರ ಆಡಂಬರದ ಬಟ್ಟೆ ಉಡಬಾರದು ಅಂತ ಕಾನೂನು ಮಾಡಿತು. 1859ರಲ್ಲಿ ಬಂದರುಗಳು ವಿದೇಶಿಯರಿಗೆ ತೆರೆದವು. ಆಗ ಯುರೋಪಿನ ರೇಷ್ಮೆ ಹುಳುಗಳಿಗೆ ಪೆಬ್ರಿನ್ ರೋಗ ಬಡಿದಿತ್ತು. ಈ ಹೆಸರು ಕೇಳಿದರೆ ನಮ್ಮಪ್ಪ ಈಗಲೂ ಬೆಚ್ಚುತ್ತಾರೆ. ಹುಳ ಸತ್ತ ಯುರೋಪು ಜಪಾನಿನ ನೂಲಿಗೆ ಮುಗಿಬಿತ್ತು, ಬೆಲೆ ಏರಿತು, ಇಲ್ಲಿಯ ನೇಕಾರರ ಕೈಗೇ ನೂಲು ಸಿಗದಂತಾಯಿತು. ಕೊನೆಗೆ 1869ರಲ್ಲಿ ಚಕ್ರವರ್ತಿಯೇ ಟೋಕಿಯೋಗೆ ಹೊರಟುಹೋದ. ಅವನ ಹಿಂದೆ ಅರಮನೆಯವರು, ಶ್ರೀಮಂತರು, ಅಂದರೆ ಗಿರಾಕಿಗಳೆಲ್ಲ.

ಇಂಥ ಹೊತ್ತಿನಲ್ಲಿ, 1872ರಲ್ಲಿ, ಕ್ಯೋಟೋದ ಆಡಳಿತ ಮೂವರನ್ನು ಫ್ರಾನ್ಸಿನ ಲಿಯೋನ್ ನಗರಕ್ಕೆ ಕಳಿಸಿತು: ಸಾಕುರಾ ತ್ಸುನೆಶಿಚಿ, ಇನೋವೆ ಇಹೇ, ಯೊಶಿದಾ ಚುಶಿಚಿ. ನೋಡಿಬರಬೇಕಾಗಿದ್ದು ಜಕಾರ್ಡ್ ಮಗ್ಗ.

ಅಷ್ಟರಲ್ಲಿ ನಾವು ಒಂದು ನೇಯ್ಗೆ ಮನೆಯ ಹಿಂದಿನ ಕೋಣೆಗೆ ಬಂದಿದ್ದೆವು. ಮಗ್ಗದ ಮೇಲೆ, ಸೂರಿನ ಹತ್ತಿರ, ಹಾರದ ಹಾಗೆ ಪೋಣಿಸಿದ ತೂತಿನ ಕಾರ್ಡುಗಳು ನೇತಾಡುತ್ತಿದ್ದವು. ನೇಕಾರ ಕಾಲಿನ ಹಲಗೆ ತುಳಿದ. ಒಂದು ಕಾರ್ಡು ತಿರುಗಿ ಸೂಜಿಗಳ ಮುಂದೆ ಬಂತು. ತೂತು ಇರುವ ಕಡೆ ಸೂಜಿ ಒಳಗೆ ಹೋಗುತ್ತೆ, ಅದರ ಕೊಕ್ಕೆ ಮೇಲೇಳುತ್ತೆ, ಹಾಸಿನ ಎಳೆ ಎದ್ದು ನಿಲ್ಲುತ್ತೆ. ತೂತು ಇಲ್ಲದ ಕಡೆ ಎಳೆ ಏಳಲ್ಲ. ಲಾಳಿ ನಡುವೆ ಓಡುತ್ತೆ. ಮುಂದಿನ ಕಾರ್ಡು. ಒಂದು ಹೊಕ್ಕಿಗೆ ಒಂದು ಕಾರ್ಡು, ಒಂದು ಒಬಿಗೆ ಸಾವಿರಾರು.

ಕಂಪ್ಯೂಟರ್ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೂತು ಒಂದು, ತೂತಿಲ್ಲದ್ದು ಸೊನ್ನೆ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇದೇ ಕಾರ್ಡುಗಳನ್ನು ಬಳಸಲು ಯೋಚಿಸಿದ್ದ ಅಂತ ಮೊದಲ ಸೆಮಿಸ್ಟರಿನಲ್ಲೇ ಓದಿದ್ದೆ. ಎರಡು ಮಾರ್ಕಿನ ಪ್ರಶ್ನೆ. ಅದು ಕಣ್ಣೆದುರು ಎದ್ದು ಬಿದ್ದು ಬಟ್ಟೆಯಾಗೋದನ್ನ ನೋಡಿದ್ದು ಅವತ್ತೇ.

ನಾನು ಸುಮ್ಮನಿರಲಾರದೆ ಕೇಳಿದೆ, "ಈ ಕಾರ್ಡು ಬರೋ ಮುಂಚೆ ಎಳೆ ಎತ್ತುತ್ತಿದ್ದಿದ್ದು ಹೇಗೆ?"

ಅಜ್ಜಿ ಮಗ್ಗದ ತುದಿಯ ಕಡೆ ಬೆರಳು ತೋರಿಸಿದರು. "ಅಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ."

ಹಳೆಯ ಮಗ್ಗದ ಹೆಸರು ಸೊರಾಬಿಕಿ. ಕೆಳಗೆ ನೇಯುವವನೊಬ್ಬ, ಮೇಲೆ ಎಳೆಯುವವನೊಬ್ಬ. ಯಾವ ಹೊಕ್ಕಿಗೆ ಯಾವ ಹುರಿಗಳನ್ನು ಎಳೆಯಬೇಕು ಅನ್ನೋದು ಮೇಲೆ ಕೂತವನ ಕೆಲಸ. ದಿನವಿಡೀ ಅದೇ. ಕೆಳಗಿನವನ ತಾಳಕ್ಕೆ ಇವನು ತಪ್ಪಿದರೆ ಹೂವಿನ ದಳ ಸೊಟ್ಟ.

ಲಿಯೋನಿಗೆ ಹೋದ ಮೂವರಲ್ಲಿ ಸಾಕುರಾ ಮತ್ತು ಇನೋವೆ ಯಂತ್ರಗಳ ಜೊತೆ 1873ರ ಕೊನೆಗೆ ವಾಪಸ್ ಬಂದರು. ಇನ್ನೂ ಕಲಿಯೋದಿದೆ ಅಂತ ಯೊಶಿದಾ ಉಳಿದುಕೊಂಡ. ಅವನು ಬರುತ್ತಿದ್ದ 'ನಿಲ್' ಅನ್ನೋ ಫ್ರೆಂಚ್ ಹಡಗು 1874ರ ಮಾರ್ಚಿನಲ್ಲಿ ಜಪಾನಿನ ಇಝು ಕರಾವಳಿಯ ಹತ್ತಿರವೇ ಬಂಡೆಗಳಿಗೆ ಬಡಿದು ಮುಳುಗಿತು. ವಿಯೆನ್ನಾದ ವಸ್ತುಪ್ರದರ್ಶನದಿಂದ ಬರುತ್ತಿದ್ದ ಜಪಾನಿನ ಕಲಾಕೃತಿಗಳೂ ಅದೇ ಹಡಗಿನಲ್ಲಿದ್ದವು. ಬದುಕುಳಿದವರು ಬೆರಳೆಣಿಕೆ. ಅವರಲ್ಲಿ ಯೊಶಿದಾ ಇರಲಿಲ್ಲ. ಅವನು ಹೆಚ್ಚಿಗೆ ಕಲಿತದ್ದು ಏನು ಅನ್ನೋದೂ ಅವನ ಜೊತೆಗೇ ಹೋಯಿತು.

ಅದೇ ವರ್ಷ ಕ್ಯೋಟೋ ಆಡಳಿತ ಒಂದು ತರಬೇತಿ ಕಾರ್ಖಾನೆ ತೆರೆದು ಹೊಸ ಮಗ್ಗವನ್ನು ಕಲಿಸೋಕೆ ಶುರುಮಾಡಿತು. ಫ್ರೆಂಚ್ ಯಂತ್ರ ದುಬಾರಿ. 1877ರ ಹೊತ್ತಿಗೆ ಅರಾಕಿ ಕೊಹೇ ಅನ್ನುವವನು ಅದನ್ನು ನೋಡಿ ಮರದಲ್ಲೇ ಒಂದು ಜಕಾರ್ಡ್ ಮಾಡಿಬಿಟ್ಟ. ಅಲ್ಲಿಂದ ಮುಂದೆ ಅದು ಕೇರಿಯ ಸ್ವಂತ ಆಸ್ತಿ. ನಿಶಿಜಿನ್ ಉಳಿಯಿತು. ಮೇಲೆ ಕೂತವನು ಕೆಳಗಿಳಿದ.

"ಇಳಿದು ಎಲ್ಲಿಗೆ ಹೋದ?" ಅಂತ ಕೇಳಿದೆ. ಅಜ್ಜಿ ನಕ್ಕು, "ಎಲ್ಲರೂ ಲಿಯೋನಿಗೆ ಹೋದವರ ಬಗ್ಗೆ ಕೇಳುತ್ತಾರೆ" ಅಂದರು. ಅಷ್ಟೇ.

ನಾನು ಕೇಳಿದ್ದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ನಮ್ಮ ಪ್ರಾಜೆಕ್ಟಿನಲ್ಲಿ ಎಂಟು ಜನ ಟೆಸ್ಟರ್‌ಗಳಿದ್ದರು. ದಿನವೂ ಅದೇ ಸ್ಕ್ರೀನು, ಅದೇ ಬಟನ್ನು, ಅದೇ ಪಟ್ಟಿ. ಅದನ್ನೆಲ್ಲ ತಾನೇ ಮಾಡುವಂಥ ಸ್ಕ್ರಿಪ್ಟ್ ಬರೆದವನು ನಾನು. ನನಗೊಂದು ಗಾಜಿನ ಫಲಕ ಕೊಟ್ಟು ಚಪ್ಪಾಳೆ ತಟ್ಟಿದರು. ಆರು ತಿಂಗಳಲ್ಲಿ ಎಂಟು ಜನ ಇಬ್ಬರಾದರು. ಆರು ಜನರಲ್ಲಿ ಒಬ್ಬ ನನ್ನ ಜೊತೆ ದಿನಾ ಟೀ ಕುಡೀತಿದ್ದವನು. ಹೊರಡುವ ದಿನವೂ ನಗುತ್ತಲೇ ಕೈ ಕುಲುಕಿದ. ಆಮೇಲೆ ನಾನು ಫೋನ್ ಮಾಡಲಿಲ್ಲ, ಅವನೂ ಮಾಡಲಿಲ್ಲ. ಸ್ಕ್ರಿಪ್ಟ್ ಬರೆಯಬಾರದಿತ್ತು ಅಂತ ಈಗಲೂ ಅನ್ನಿಸಲ್ಲ. ನಾನಲ್ಲದಿದ್ದರೆ ಇನ್ನೊಬ್ಬ ಬರೀತಿದ್ದ. ನಿಶಿಜಿನ್ ಜಕಾರ್ಡ್ ತರದೇ ಇದ್ದಿದ್ದರೆ ಇವತ್ತು ತೋರಿಸಲು ಕೇರಿಯೇ ಇರುತ್ತಿತ್ತೋ ಇಲ್ಲವೋ. ಆದರೂ ಫೋನ್ ಮಾಡಬಹುದಿತ್ತು.

ಈಗ ಕಾರ್ಡಿನ ಸರದಿಯೂ ಮುಗಿದಿದೆ. 1980ರ ದಶಕದಿಂದ ವಿನ್ಯಾಸಗಳು ಫ್ಲಾಪಿಗೆ ಏರಿದವು. ಕಾರ್ಡಿಗೆ ತೂತು ಹೊಡೆಯುತ್ತಿದ್ದವರ ಕೆಲಸ ಹೋಯಿತು. ಈಗ ಫ್ಲಾಪಿಯನ್ನೇ ಯಾರೂ ತಯಾರಿಸಲ್ಲ. ನೂರು ವರ್ಷದ ಹಿಂದಿನ ಕಾರ್ಡು ಇವತ್ತೂ ಓಡುತ್ತೆ, ಮೂವತ್ತು ವರ್ಷದ ಫ್ಲಾಪಿಗೆ ಗ್ಯಾರಂಟಿ ಇಲ್ಲ. ಇದನ್ನು ಹೇಳುವಾಗ ಅಜ್ಜಿ ನನ್ನನ್ನೇ ನೋಡುತ್ತಿದ್ದರು, ನಾನೇ ಏನೋ ತಪ್ಪು ಮಾಡಿದ ಹಾಗೆ.

ನಡಿಗೆ ಮುಗಿದದ್ದು ಸೆನ್‌ಬೊನ್ ರಸ್ತೆಯ 'ಕುಗಿನುಕಿ ಜಿಝೋ' ಗುಡಿಯಲ್ಲಿ. ಮೊಳೆ ಕೀಳುವ ದೇವರು. ಗೋಡೆ ತುಂಬ ಹರಕೆಯ ಹಲಗೆಗಳು, ಪ್ರತಿಯೊಂದರ ಮೇಲೂ ಎರಡು ಮೊಳೆ, ಒಂದು ಇಕ್ಕಳ. ಮೈಯಲ್ಲೋ ಮನಸ್ಸಲ್ಲೋ ಚುಚ್ಚುತ್ತಿರೋದನ್ನ ಈ ದೇವರು ಕಿತ್ತು ತೆಗೆಯುತ್ತಾನೆ ಅಂತ ನಂಬಿಕೆ. ಗುಡಿಯ ಮುಂದೆ ಅಜ್ಜಿ ಹೇಳಿದರು: ಅವರ ಅಪ್ಪನ ಮಗ್ಗ ಬಿಚ್ಚಿ ಹಾಕಿ ಬಹಳ ವರ್ಷವಾಯಿತಂತೆ, ಮಗ ಟೋಕಿಯೋದಲ್ಲಿ ಬ್ಯಾಂಕಿನಲ್ಲಿದ್ದಾನಂತೆ. ಹಳೆಯ ನೇಯ್ಗೆ ಮನೆಗಳಲ್ಲಿ ಕೆಲವು ಈಗ ಕಾಫಿ ಅಂಗಡಿ. ಜಾಲರಿ ಹಾಗೇ ಇದೆ, ಒಳಗೆ ಮಗ್ಗ ಇಲ್ಲ. ನೂಲು ಬಹುಪಾಲು ಹೊರದೇಶದ್ದು. 1929ರಲ್ಲಿ ಜಪಾನಿನಲ್ಲಿ ಸುಮಾರು 22 ಲಕ್ಷ ಕುಟುಂಬಗಳು ಹುಳ ಸಾಕುತ್ತಿದ್ದವು. ಇವತ್ತು ಇಡೀ ದೇಶದಲ್ಲಿ ಮುನ್ನೂರೂ ಇಲ್ಲ.

ಆ ಅಂಕಿ ಕೇಳಿ ನಾನು ಅಲ್ಲೇ ನಿಂತೆ. ನಮಗೆ ಹುಳ ಸಾಕುವ ಹೊಸ ವಿದ್ಯೆ ಕಲಿಸಿದವರಲ್ಲಿ ಜಪಾನಿಗರೂ ಇದ್ದರು. 19ನೇ ಶತಮಾನದ ಕೊನೆಗೆ ಜೆಮ್‌ಶೆಡ್‌ಜಿ ಟಾಟಾ ಜಪಾನಿ ಪರಿಣತರನ್ನು ಕರೆತಂದು ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಗಿ ಎಷ್ಟೋ ಕಾಲವಾಯಿತು, ಬಸವನಗುಡಿ ಕಡೆ 'ಟಾಟಾ ಸಿಲ್ಕ್ ಫಾರ್ಮ್' ಅನ್ನೋ ಹೆಸರು ಮಾತ್ರ ಉಳಿದಿದೆ. 1990ರ ದಶಕದಲ್ಲಿ ಜಪಾನಿನ ನೆರವಿನಿಂದ ಮೈಸೂರಿನ ಸಂಶೋಧನಾ ಸಂಸ್ಥೆ ಬೈವೋಲ್ಟಿನ್ ತಳಿಗಳನ್ನು ಬೆಳೆಸಿತು. ನಮ್ಮಪ್ಪ ಹಳದಿ ಗೂಡು ಬಿಟ್ಟು ಬಿಳಿ ಗೂಡಿಗೆ ಹೋಗಿದ್ದು ಆಮೇಲೆ. ಕಲಿಸಿದವರ ಮನೆಯಲ್ಲಿ ಹುಳ ಇಲ್ಲ. ನಮ್ಮ ಮನೆಯಲ್ಲೂ ಈಗ ಇಲ್ಲ. ಮೂರು ವರ್ಷದ ಹಿಂದೆ ಹಿಪ್ಪುನೇರಳೆ ಕಿತ್ತು ತೆಂಗು ಹಾಕಿಸಿದ್ದು ನಾನೇ. "ಸಾಕು ಬಿಡಪ್ಪ, ಆಳು ಸಿಗಲ್ಲ, ನಾನು ದುಡ್ಡು ಕಳಿಸ್ತೀನಲ್ಲ" ಅಂದಿದ್ದೆ. ಅಪ್ಪ ಏನೂ ಅನ್ನಲಿಲ್ಲ. ಚಂದ್ರಿಕೆಗಳನ್ನು ಮಾತ್ರ ಮಾರಲು ಬಿಡಲಿಲ್ಲ. ಅವು ಈಗಲೂ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿವೆ.

ಆ ರಾತ್ರಿ ಒಸಾಕಾದಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಎಲ್ಲಾ ಹೇಳಿದೆ. ಯುದ್ಧ, ಮಗ್ಗ, ಮುಳುಗಿದ ಹಡಗು. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. ಕೊನೆಗೆ ಅವರಿಗೆ ಬೇಕಾಗಿದ್ದು ಒಂದೇ ವಿಷಯ.

"ಅಲ್ಲಿ ಗೂಡು ಕೆ.ಜಿ.ಗೆ ಎಷ್ಟಂತ್ಲಾ ಮಗ?"

ಮೂರು ಗಂಟೆ ನಡೆದು ಅಷ್ಟೆಲ್ಲ ಕೇಳಿಸಿಕೊಂಡು ಬಂದವನು ನಾನು. ಅದೊಂದನ್ನು ಕೇಳಿರಲಿಲ್ಲ.