ಪುಸ್ತಕ ಹಿಡಿದು ಘಟ್ಟ ಹತ್ತಿದವರು: ಬುಕಾನನ್‌ನಿಂದ ಜಿಪಿಎಸ್‌ವರೆಗೆ

ಇವತ್ತಿನ ಸಂಚಿಕೆಗೆ ಒಂದೇ ಪ್ರಶ್ನೆ. ಕಾಲುದಾರಿಯೇ ಇಲ್ಲದ ಬೆಟ್ಟದಲ್ಲಿ ಬರೀ ಪುಸ್ತಕ ನೋಡ್ಕೊಂಡು ನಡೆಯೋಕಾಗುತ್ತಾ?

ನಾನು ಮಾತಾಡ್ತಿರೋದು ಶಿವಮೊಗ್ಗದ ಆಲ್ಕೊಳದಿಂದ. ಇಲ್ಲಿಂದ ಸಾಗರ ರಸ್ತೆ ಹಿಡಿದು, ಆಯನೂರು ದಾಟಿ, ರಿಪ್ಪನ್‌ಪೇಟೆ, ಹೊಸನಗರದ ಕಡೆ ತಿರುಗಿದ್ರೆ ಕೊಡಚಾದ್ರಿ. ಎತ್ತರ 1,343 ಮೀಟರ್. ಶನಿವಾರ ಬಂತು ಅಂದ್ರೆ ಬ್ಯಾಗ್ ಏರಿಸ್ಕೊಂಡು ಹೊರಟ ಹುಡುಗ ಹುಡುಗಿಯರು ಕಾಣ್ತಾರೆ. ಫೋನಲ್ಲಿ ಯಾರೋ ಮೊದಲು ನಡೆದು ಅಪ್‌ಲೋಡ್ ಮಾಡಿದ ಜಿಪಿಎಸ್ ಗೆರೆ ಇರುತ್ತೆ. ಈ ಕಾಲದ ಗೈಡ್‌ಬುಕ್ ಅದೇ. ಆದರೆ ಈ ಅಭ್ಯಾಸಕ್ಕೆ ನಮ್ಮಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನ ಈ ಸೀಮೆ ನೋಡಿ ಬಾ ಅಂತ ಕಳಿಸಿದ. ಏನು ಬೆಳೀತಾರೆ, ಏನು ಮಾರ್ತಾರೆ, ಕಂದಾಯ ಎಷ್ಟು ಅನ್ನೋದನ್ನ ತಿಳ್ಕೊಂಡು ಬರೋದು ಅವನ ಕೆಲಸ. 1801ರ ಮಾರ್ಚ್ ಹೊತ್ತಿಗೆ ಅವನು ಸೋಂದಾ, ಇಕ್ಕೇರಿ ದಾಟಿ ನಗರಕ್ಕೆ ಬಂದ. ನಮ್ಮ ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು. ಅಲ್ಲಿಂದ ಹಿರಿಯೂರಿನ ತನಕ ಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚಾಯಿತು. ಒಂದೊಂದು ದಿನದ ದಾರಿ, ಅಡಿಕೆ ತೋಟ, ಮಣ್ಣು, ಕಾಡು, ಎಲ್ಲಾ ಅದರಲ್ಲಿ ಬಂತು.

ಆ ಪುಸ್ತಕ ತಯಾರಾಗಿದ್ದು ಹೇಗೆ? ಬುಕಾನನ್‌ಗೆ ಕನ್ನಡ ಬರ್ತಿರಲಿಲ್ಲ. ದುಭಾಷಿಯನ್ನ ಇಟ್ಕೊಂಡು, ಊರೂರಲ್ಲಿ ರೈತರನ್ನ, ವ್ಯಾಪಾರಿಗಳನ್ನ ಕೇಳಿ ಕೇಳಿ ಬರೆದ. ಅಂದ್ರೆ ಪುಸ್ತಕದೊಳಗಿನ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಇಲ್ಲಿಯ ಜನರದ್ದು. ಮುಖಪುಟದ ಮೇಲೆ ಬಂದದ್ದು ಬುಕಾನನ್ ಹೆಸರೊಂದೇ. ಇನ್ನೊಂದು ವಿಷಯ: ಅವನು ಮಲೆನಾಡು ನೋಡಿದ್ದು ಬೇಸಿಗೆಯಲ್ಲಿ. ಜುಲೈ ತಿಂಗಳಲ್ಲಿ ಹೊಳೆ ಏರಿದಾಗ ಅವನ ದಾರಿಯನ್ನ ನಂಬೋಕಾಗಲ್ಲ. ಯಾವ ದಾರಿ ಪುಸ್ತಕವೇ ಆಗಲಿ, ಅದು ಯಾವ ತಿಂಗಳಿನದು ಅಂತ ಮೊದಲು ಕೇಳಬೇಕು.

ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಶುರು ಮಾಡಿದ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಿಂದ ತ್ರಿಕೋನ ಮಾಪನ ಶುರು ಮಾಡಿ, ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನ ಜನರ ಹೆಗಲ ಮೇಲೆ ಬೆಟ್ಟ ಹತ್ತಿಸಿದ. ಮುಂದೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ಗಳು ಬಂದವು. ವಿಚಿತ್ರ ನೋಡಿ, ಸ್ವಾತಂತ್ರ್ಯ ಬಂದ ಮೇಲೂ ಗಡಿ ಮತ್ತು ಕರಾವಳಿಯಿಂದ ಸುಮಾರು 80 ಕಿ.ಮೀ. ಒಳಗಿನ ವಿವರವಾದ ನಕ್ಷೆಗಳು ನಿರ್ಬಂಧಿತ ಪಟ್ಟಿಯಲ್ಲಿದ್ದವು. ಕೊಡಚಾದ್ರಿಯಿಂದ ಸಮುದ್ರಕ್ಕೆ ನೇರವಾಗಿ 40 ಕಿ.ಮೀ. ಕೂಡ ಇಲ್ಲ. ಹೀಗಾಗಿ ನಮ್ಮ ಬೆಟ್ಟದ ನಕ್ಷೆ ನಮಗೇ ಸುಲಭಕ್ಕೆ ಸಿಗ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಬಾಗಿಲು ಸ್ವಲ್ಪ ತೆರೆಯಿತು, 2021ರ ಮಾರ್ಗಸೂಚಿ ಇನ್ನಷ್ಟು ತೆರೆಯಿತು.

ನಕ್ಷೆ ಸಿಕ್ಕಿತು ಅಂದ್ಕೊಳ್ಳಿ. ಸಾಮಾನ್ಯ ಟೋಪೋಶೀಟಿನಲ್ಲಿ ಎತ್ತರದ ಗೆರೆ 20 ಮೀಟರಿಗೊಂದು. ಎರಡು ಗೆರೆಗಳ ನಡುವೆ 15 ಮೀಟರಿನ ಕಡಿದಾದ ದರೆ ಅಡಗಿದ್ರೆ ಕಾಗದದ ಮೇಲೆ ಗೊತ್ತೇ ಆಗಲ್ಲ. 15 ಮೀಟರ್ ಅಂದ್ರೆ ಸುಮಾರು ಐದು ಮಹಡಿ!

ಹೊರಗಿನ ಒಂದು ಉದಾಹರಣೆ ಹೇಳ್ತೀನಿ. 1982ರಲ್ಲಿ ಸ್ಟೀವ್ ರೋಪರ್ ಅನ್ನೋ ಪರ್ವತಾರೋಹಿ, ಅಮೆರಿಕದ ಸಿಯೆರಾ ನೆವಾಡಾದಲ್ಲಿ ಸುಮಾರು 195 ಮೈಲಿಯ ಮಾರ್ಗದ ಬಗ್ಗೆ ಪುಸ್ತಕ ಬರೆದ. ಬಹುಪಾಲು ಕಡೆ ಕಾಲುದಾರಿಯೇ ಇಲ್ಲ. ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ಹೇಗೆ ದಾಟಬೇಕು ಅಂತ ಪುಸ್ತಕ ಹೇಳುತ್ತೆ, ನಡುವಿನ ಹೆಜ್ಜೆಗಳನ್ನ ನಡೆಯೋನೇ ನಿರ್ಧರಿಸಬೇಕು. ಅದು ಅಲ್ಲಿ ನಡೆಯುತ್ತೆ. ಯಾಕಂದ್ರೆ ಆ ಎತ್ತರದಲ್ಲಿ ಮರಗಳು ಮುಗಿದು ಬರೀ ಬಂಡೆ, ಹುಲ್ಲು. ಮುಂದಿನ ಕಣಿವೆ ಕಣ್ಣಿಗೇ ಕಾಣುತ್ತೆ. ನಮ್ಮ ಘಟ್ಟದಲ್ಲಿ? ಕಾನು ಹೊಕ್ಕರೆ ಹತ್ತು ಮಾರು ಆಚೆ ಏನೂ ಕಾಣಲ್ಲ, ಮೇಲಿಂದ ಮಂಜು ಬೇರೆ.

ಹಾಗಾದ್ರೆ ಮಲೆನಾಡಿನವರು ಹೇಗೆ ಓಡಾಡ್ತಿದ್ದರು? ಅವರ ಗೈಡ್‌ಬುಕ್ ಇದ್ದದ್ದು ಜಾಗದ ಹೆಸರುಗಳಲ್ಲಿ. ಅಬ್ಬಿ ಅಂದ್ರೆ ನೀರು ಧುಮುಕುವ ಜಾಗ. ಹಡ್ಲು ಅಂದ್ರೆ ಪಾಳು ಬಿದ್ದ ಗದ್ದೆ, ಕಾಲು ಹೂತೀತು. ಬ್ಯಾಣ ಅಂದ್ರೆ ಬಯಲು ಹುಲ್ಲುಗಾವಲು, ಕಣ್ಣಿಗೆ ದಿಕ್ಕು ಸಿಗುತ್ತೆ. ದರೆ ಅಂದ್ರೆ ನಿಲ್ಲು. ಈ ಪದ ಗೊತ್ತಿದ್ದವನಿಗೆ ಹೆಸರು ಕೇಳಿದ ತಕ್ಷಣ ನೆಲ ಎಂಥದ್ದು ಅಂತ ಗೊತ್ತಾಗ್ತಿತ್ತು. ಇದೇ ಹೆಸರುಗಳು ಇಂಗ್ಲಿಷ್ ಅಕ್ಷರಕ್ಕೆ ಹೋಗಿ, ಮತ್ತೆ ಆ್ಯಪಿಗೆ ಬರೋಷ್ಟರಲ್ಲಿ ಅರ್ಥ ಕಳ್ಕೊಂಡು ಬರೀ ಸದ್ದಾಗಿವೆ. ಊರಿನ ಹಿರಿಯರು ಹೋದ ಹಾಗೆ ಉಳಿದವೂ ಹೋಗ್ತಿವೆ. ನನಗೆ ಚಿಂತೆ ಇರೋದು ಇದರ ಬಗ್ಗೆ.

ಕಾನೂನನ್ನೂ ಹೇಳಿಬಿಡ್ತೀನಿ. ಕೊಡಚಾದ್ರಿ ಇರೋದು ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಿ. ಅನುಮತಿ ಇಲ್ಲದೆ ಒಳಗೆ ಹೋಗೋ ಹಾಗಿಲ್ಲ, ಗೊತ್ತು ಮಾಡಿದ ದಾರಿ ಬಿಡೋದಂತೂ ಬೇಡವೇ ಬೇಡ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ, ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿದೆ. ಇಲಾಖೆಯ ಗೈಡ್ ಜೊತೆಗೆ ಬಂದರೆ ಸುಮ್ಮನೆ ಹಿಂದೆ ನಡೀಬೇಡಿ. ಈ ತಿರುವಿಗೆ ಹೆಸರೇನಣ್ಣ, ಯಾಕೆ ಆ ಹೆಸರು ಬಂತು ಅಂತ ಕೇಳಿ. ಉತ್ತರವನ್ನ ಕನ್ನಡದಲ್ಲೇ ಬರ್ಕೊಳ್ಳಿ, ಹೇಳಿದವರ ಹೆಸರನ್ನೂ ಅವರ ಒಪ್ಪಿಗೆ ತಗೊಂಡು ಸೇರಿಸಿ. ಬುಕಾನನ್ ಕೂಡ ಕೇಳಿ ಕೇಳಿಯೇ ಬರೆದದ್ದು. ಹೇಳಿದವರ ಹೆಸರು ಬರೆಯೋದನ್ನ ನಾವಾದರೂ ಮಾಡೋಣ.

ನಿಮ್ಮೂರ ಬೆಟ್ಟದಲ್ಲಿ ಇಂಥ ಹೆಸರು ಯಾವುದಿದೆ? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.