ನಕ್ಸ್ ವಾಮಿಕ

ಕಾರವಾರ, ಅಂಕೋಲೆಯ ಕಾಡುಗಳಲ್ಲಿ ಬೆಳೆಯುವ ಕಾಸರಕ ಮರದ ಬೀಜಕ್ಕೆ ಇಂಗ್ಲಿಷ್ ವೈದ್ಯಕೀಯದಲ್ಲಿರುವ ಲ್ಯಾಟಿನ್ ಹೆಸರು. ಮರಕ್ಕೆ ಕನ್ನಡದಲ್ಲಿ ಹೆಮ್ಮುಷ್ಟಿ, ನಂಜಿನ ಕೊರಡು ಎಂಬ ಹೆಸರುಗಳೂ ಇವೆ. ಕೊಂಕಣಿಯಲ್ಲಿ ಕಾಜ್ರೊ, ಸಂಸ್ಕೃತದಲ್ಲಿ ವಿಷಮುಷ್ಟಿ. ಹಣ್ಣು ಕಿತ್ತಳೆ ಬಣ್ಣದ್ದು, ದುಂಡಗಿನದು. ಅದರ ಲೋಳೆ ತಿರುಳಿನಲ್ಲಿ ಅಂಗಿಯ ಗುಂಡಿಯಂಥ ಚಪ್ಪಟೆ ಬೂದು ಬೀಜಗಳಿರುತ್ತವೆ. ಮಂಗಟ್ಟೆ ಹಕ್ಕಿಗಳು ಈ ತಿರುಳನ್ನು ತಿನ್ನುತ್ತವೆ. ಆದರೆ ಬೀಜ ಮನುಷ್ಯರಿಗೆ ಕಡುವಿಷ.

ಲ್ಯಾಟಿನ್‌ನಲ್ಲಿ ‘ನಕ್ಸ್’ ಎಂದರೆ ಗಟ್ಟಿ ಓಡಿನ ಕಾಯಿ. ‘ವಾಮಿಕ’ ಬಂದದ್ದು ‘ವೊಮೆರೆ’, ಅಂದರೆ ವಾಂತಿ ಮಾಡು ಎಂಬ ಕ್ರಿಯಾಪದದಿಂದ. ಆಯುರ್ವೇದದ ‘ವಮನ’ಕ್ಕೆ ಮೂಲವಾದ ಸಂಸ್ಕೃತದ ‘ವಮ್’ ಧಾತು ಇದರ ದಾಯಾದಿ; ಎರಡೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಹೀಗೆ ಹೆಸರಿನ ಅರ್ಥ ವಾಂತಿಕಾಯಿ. ಆದರೆ ಈ ಬೀಜದ ಮುಖ್ಯ ಗುಣ ವಾಂತಿ ಬರಿಸುವುದಲ್ಲ. ಇದರಲ್ಲಿರುವ ವಿಷವಾದ ಸ್ಟ್ರಿಕ್‌ನಿನ್, ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹತೋಟಿಯಲ್ಲಿಡುವ ರಾಸಾಯನಿಕವಾದ ಗ್ಲೈಸಿನ್‌ನ ಕೆಲಸವನ್ನು ತಡೆಯುತ್ತದೆ. ಮೈಯೆಲ್ಲ ಸೆಟೆದು, ಉಸಿರು ಕಟ್ಟಿ ಸಾವು ಬರುತ್ತದೆ. ಅಲ್ಲಿಯವರೆಗೂ ರೋಗಿಗೆ ಎಚ್ಚರವಿರುತ್ತದೆ. ಲ್ಯಾಟಿನ್ ಹೆಸರಿಗಿಂತ ‘ನಂಜಿನ ಕೊರಡು’ ಎಂಬ ನಮ್ಮ ಹೆಸರೇ ನಿಜಕ್ಕೆ ಹತ್ತಿರ.

ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಔಷಧಿ ಅಂಗಡಿಗಳಲ್ಲಿ ಈ ಬೀಜ ಸಿಗುತ್ತಿತ್ತು. ಹೆಚ್ಚಾಗಿ ಬಳಕೆಯಾದದ್ದು ಪ್ರಾಣಿಗಳನ್ನು ಕೊಲ್ಲಲು. ಮರದ ಒಳ್ಳೆಯ ಚಿತ್ರ ಯುರೋಪಿಗೆ ತಲುಪಿದ್ದು ಡಚ್ ಅಧಿಕಾರಿ ವಾನ್ ರೀಡ್‌ನ ‘ಹೊರ್ಟಸ್ ಮಲಬಾರಿಕಸ್’ನ ಮೊದಲ ಸಂಪುಟದಿಂದ (1678). ಅಲ್ಲಿ ಅದರ ಹೆಸರು ಮಲಯಾಳದ ಕಾಂಞಿರಂ. ಆ ಮಹಾಗ್ರಂಥಕ್ಕೆ ನೆರವಾದವರಲ್ಲಿ ಕೊಚ್ಚಿಯ ಕೊಂಕಣಿ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಸೇರಿದ್ದರೆಂಬುದನ್ನು ಕರಾವಳಿಯ ನಾವು ಹೆಮ್ಮೆಯಿಂದ ನೆನೆಯಬೇಕು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಮರವನ್ನು ‘ಸ್ಟ್ರಿಕ್ನಾಸ್ ನಕ್ಸ್-ವಾಮಿಕ’ ಎಂದು ಕರೆದ. ‘ಸ್ಟ್ರಿಕ್ನಾಸ್’ ಪ್ರಾಚೀನ ಗ್ರೀಕರು ಬದನೆ ಜಾತಿಯ ಗಿಡಗಳಿಗೆ ಬಳಸುತ್ತಿದ್ದ ಪದ. ಈ ಮರಕ್ಕೂ ಅವಕ್ಕೂ ನಂಟಿಲ್ಲ. 1818ರಲ್ಲಿ ಪ್ಯಾರಿಸ್ಸಿನ ರಸಾಯನಜ್ಞರಾದ ಪೆಲೆಟಿಯೆ ಮತ್ತು ಕವಾಂಟು ಇದೇ ಕುಲದ ಇನ್ನೊಂದು ಬೀಜದಿಂದ ವಿಷವನ್ನು ಬೇರ್ಪಡಿಸಿದಾಗ, ಕುಲದ ಹೆಸರಿನಿಂದಲೇ ಸ್ಟ್ರಿಕ್‌ನಿನ್ ಎಂಬ ಹೆಸರು ಹುಟ್ಟಿತು. ಆ ವಿಷವನ್ನು ಪ್ರಯೋಗಶಾಲೆಯಲ್ಲಿ ಮೊದಲು ತಯಾರಿಸಿದವನು ರಸಾಯನಜ್ಞ ವುಡ್‌ವರ್ಡ್, 1954ರಲ್ಲಿ.

ಒಂದು ಕಾಲಕ್ಕೆ ಟಾನಿಕ್ಕಾಗಿ ಕೊಡುತ್ತಿದ್ದ ಈ ಬೀಜದ ಔಷಧವನ್ನು ಆಧುನಿಕ ವೈದ್ಯರು ಈಗ ಬಿಟ್ಟಿದ್ದಾರೆ. ಹೋಮಿಯೋಪತಿಯಲ್ಲಿ ಹೆಸರು ಉಳಿದಿದೆ. ಆಯುರ್ವೇದದಲ್ಲಿ ಗೋಮೂತ್ರ, ಹಾಲು, ತುಪ್ಪಗಳಲ್ಲಿ ಶೋಧಿಸಿಯೇ ಬಳಸಬೇಕೆಂಬ ಕಟ್ಟುನಿಟ್ಟಿದೆ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಕಾಸರಕದ ಬೀಜವನ್ನು ಮನೆಮದ್ದೆಂದು ಯಾರೂ ಸೇವಿಸಬಾರದು. ಮಕ್ಕಳು ಬಾಯಿಗೆ ಹಾಕಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.