ಆಲಿಕಲ್ಲು

ಇಚಲಕರಂಜಿಯ ಶಹಾಪುರದಲ್ಲಿ ಬೇಸಿಗೆಯ ಮಳೆ ಮಗ್ಗದ ಶೆಡ್ಡಿನ ಪತ್ರಾಸಿನ ಮೇಲೆ ಟಣಟಣ ಸದ್ದು ಮಾಡಿದರೆ ಮರಾಠಿಯವರು ‘ಗಾರಾ’ ಅಂತಾರೆ, ಕನ್ನಡದ ಮನೆಯವರು ‘ಆಲಿಕಲ್ಲು’. ಮರಾಠಿಯ ‘ಗಾರ’ಕ್ಕೆ ಬೆಣಚುಕಲ್ಲು ಎಂಬ ಅರ್ಥವೂ ಉಂಟು, ಎರಡೂ ಭಾಷೆಗೆ ಅದು ಕಲ್ಲೇ. ನಮ್ಮ ‘ಆಲಿ’ ಕಣ್ಣಾಲಿಯಲ್ಲೂ ಇದೆ. ದುಂಡಗೆ, ಬೆಳ್ಳಗೆ ಇರುವ ಎರಡನ್ನೂ ಗಂಟುಹಾಕುವ ಆಸೆ ಯಾರಿಗಾದರೂ ಆದೀತು. ಆದರೆ ತಮಿಳಿನ ‘ಆಲಿ’ಗೆ ಮಳೆಹನಿ ಎಂಬ ಅರ್ಥವಿದೆ, ನನಗೆ ನೀರಿನ ನಂಟೇ ಸರಿಯೆನಿಸುತ್ತದೆ. ಕೆಲವು ಕಡೆ ಇದು ‘ಆನೆಕಲ್ಲು’ ಆಗಿದೆ. ಹೆಂಚು ಒಡೆಸಿಕೊಂಡವರ ನಿರುಕ್ತ ಇರಬೇಕು!

ನೀರೋ ಕಲ್ಲೋ ಎಂಬ ಗೊಂದಲ ಹವಾಮಾನ ರಡಾರಿಗೂ ಇದೆ. ಅದು ಬಿಡುವ ಮೈಕ್ರೋವೇವ್ ಅಲೆಯನ್ನು ಒಣ ಮಂಜಿನ ಸಣ್ಣ ಹರಳು, ಅಷ್ಟೇ ಗಾತ್ರದ ನೀರಹನಿಯ ಸುಮಾರು ಐದನೇ ಒಂದು ಪಾಲಷ್ಟೇ ಹಿಂದಿರುಗಿಸುತ್ತದೆ. ಕರಗತೊಡಗಿ ಮೈಗೆ ನೀರು ಸುತ್ತಿಕೊಂಡಿತೋ, ದೊಡ್ಡ ಹನಿಯಂತೆ ಹೊಳೆಯುತ್ತದೆ. ಅಡ್ಡ, ನೆಟ್ಟ ಎರಡೂ ಬಗೆಯ ಅಲೆ ಬಿಡುವ ರಡಾರ್ ಇದಕ್ಕೊಂದು ಉಪಾಯ ಬಲ್ಲದು: ದೊಡ್ಡ ಮಳೆಹನಿ ಬೀಳುವಾಗ ಅಗಲಕ್ಕೆ ಚಪ್ಪಟೆಯಾಗುತ್ತದೆ, ಆಲಿಕಲ್ಲು ಉರುಳುತ್ತ ಬರುವುದರಿಂದ ಎರಡೂ ಅಲೆಗೆ ಹೆಚ್ಚುಕಡಿಮೆ ದುಂಡಗೇ ಕಾಣುತ್ತದೆ.